ಕೃಪೆ ಎಂದರೆ ಕೃಪಾಂಕವಲ್ಲ

ಎಸ್ಸೆಸ್ಸೆಲ್ಸಿ ಬರೆದ ಯಾರಿಗೂ ‘ಕೃಪಾಂಕ’ ಎಂಬ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಸಾಗಲು ಒಂದಿಷ್ಟು ಅಂಕ ಕಡಿಮೆ ಬಿದ್ದವರಿಗೆ ಮಂಡಳಿಯೇ ಸೇರಿಸಿ ಕೊಡುವ ಅಂಕ ಅದು. 2024ರಲ್ಲಿ ವೆಬ್‌ಕಾಸ್ಟಿಂಗ್ ಕಣ್ಗಾವಲಿನಲ್ಲಿ ಪರೀಕ್ಷೆ ನಡೆದು ಫಲಿತಾಂಶ ಕುಸಿದಾಗ, ಶೇ 10ರಷ್ಟಿದ್ದ ಕೃಪಾಂಕವನ್ನು ಶೇ 20ಕ್ಕೆ ಏರಿಸಲಾಗಿತ್ತು. ಹಾಗಿದ್ದೂ ಆ ಬಾರಿಯ ಫಲಿತಾಂಶ ಶೇ 73.40. ‘ಓದಿದವರಿಗೂ ಓದದವರಿಗೂ ಏನು ವ್ಯತ್ಯಾಸ?’ ಎಂದು ಕೆಲವರು ಕೇಳಿದರು. ‘ಪಾಪ, ಮಕ್ಕಳ ಒಂದು ವರ್ಷ ಉಳಿಯಿತಲ್ಲ’ ಎಂದು ಇನ್ನು ಕೆಲವರು ಸಮಾಧಾನಪಟ್ಟರು.

ಇಂಥದ್ದೇ ಒಂದು ವಾದ ಕ್ರೈಸ್ತ ಧರ್ಮದೊಳಗೆ ಶತಮಾನಗಳಿಂದ ನಡೆದುಬಂದಿದೆ. ಮನುಷ್ಯ ದೇವರಿಗೆ ಒಪ್ಪಿಗೆಯಾಗುವುದು ದೇವರ ಕೃಪೆಯಿಂದಲೋ, ತಾನು ಮಾಡಿದ ಒಳ್ಳೆಯ ಕೆಲಸಗಳಿಂದಲೋ? ಕೃಪೆಯಿಂದ ಎಂದಾದರೆ ಒಳ್ಳೆಯವನಾಗಿ ಬಾಳಲು ಯಾಕೆ ಕಷ್ಟಪಡಬೇಕು? ಒಳ್ಳೆಯ ಕೆಲಸದಿಂದ ಎಂದಾದರೆ ಕೃಪೆಗೆ ಅಲ್ಲಿ ಕೆಲಸವೇನು? ಚರ್ಚಿಗೆ ಹೋಗುವವರಷ್ಟೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದಲ್ಲ. ಅಂಕಪಟ್ಟಿ, ಕಟಾಫ್, ಮೆರಿಟ್ ಲಿಸ್ಟುಗಳ ನಡುವೆ ದಿನ ಕಳೆಯುವ ನಮ್ಮ ವಯಸ್ಸಿನವರಿಗೂ ಇದು ತಟ್ಟುತ್ತದೆ.

ನಮ್ಮ ಜಿಲ್ಲೆಯಲ್ಲಿ ಕ್ರೈಸ್ತರ ಸಂಖ್ಯೆ ಕಡಿಮೆ. ಆದರೂ ಹರಿಹರದ ಆರೋಗ್ಯ ಮಾತೆಯ ಬೆಸಿಲಿಕಾ ಗೊತ್ತಿಲ್ಲದವರು ಕಡಿಮೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಜಾತಿ, ಧರ್ಮ ನೋಡದೆ ಜನ ಸೇರುತ್ತಾರೆ. ಮೇಣದಬತ್ತಿ ಹಚ್ಚುವವರ ಮನಸ್ಸಿನಲ್ಲಿ ಹರಕೆ ಇರುತ್ತದೆ: ಕಾಯಿಲೆ ವಾಸಿಯಾದರೆ ಇಷ್ಟು, ಮಗನಿಗೆ ನೌಕರಿ ಸಿಕ್ಕರೆ ಅಷ್ಟು. ದೇವಸ್ಥಾನ, ದರ್ಗಾ, ಚರ್ಚು ಎಲ್ಲಿ ಹೋದರೂ ನಮ್ಮ ಮಾತು ಇದೇ. ಹರಕೆಯ ಹಿಂದಿನ ಸಂಕಟವನ್ನು ಯಾರೂ ಹಗುರಾಗಿ ಕಾಣಬಾರದು. ಆದರೆ ಅದರಲ್ಲಿ ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಇರುವುದೂ ನಿಜ. ಕೃಪೆ ಎಂಬ ಮಾತು ಆ ಲೆಕ್ಕದ ಪುಸ್ತಕವನ್ನೇ ಮುಚ್ಚಿಬಿಡುತ್ತದೆ.

ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಈ ಬಗ್ಗೆ ಎರಡು ದನಿಗಳಿವೆ. ಪೌಲ ಎಫೆಸದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದ ಪ್ರಕಾರ ರಕ್ಷಣೆ ದೇವರ ದಾನ, ಅದನ್ನು ಯಾರೂ ದುಡಿದು ಸಂಪಾದಿಸಿಲ್ಲ, ಆದ್ದರಿಂದ ಯಾರೂ ಜಂಬಪಡುವಂತಿಲ್ಲ. ಯಾಕೋಬನ ಪತ್ರ ಇನ್ನೊಂದು ಕಡೆಯಿಂದ ಹಿಡಿಯುತ್ತದೆ. ಉಡಲು ಬಟ್ಟೆಯಿಲ್ಲದ, ಹಸಿದ ಮನುಷ್ಯನಿಗೆ ಏನೂ ಕೊಡದೆ ಬರೀ ಶುಭ ಹಾರೈಸಿ ಕಳಿಸಿದರೆ ಅವನಿಗೇನು ಪ್ರಯೋಜನ ಎಂದು ಅದು ಕೇಳುತ್ತದೆ. ನಡತೆಯಲ್ಲಿ ಕಾಣದ ನಂಬಿಕೆಯಲ್ಲಿ ಜೀವವಿಲ್ಲ ಎನ್ನುತ್ತದೆ. ಮೇಲ್ನೋಟಕ್ಕೆ ಇಬ್ಬರೂ ಜಗಳಕ್ಕೆ ನಿಂತಂತೆ ಕಾಣುತ್ತಾರೆ. ಆದರೆ ಪೌಲ ಅದೇ ಅಧ್ಯಾಯದಲ್ಲಿ, ದಾನದ ಮಾತು ಮುಗಿದ ಕೂಡಲೇ, ಮನುಷ್ಯರನ್ನು ದೇವರು ರೂಪಿಸಿರುವುದೇ ಸತ್ಕ್ರಿಯೆಗಳಿಗಾಗಿ ಎಂದೂ ಸೇರಿಸುತ್ತಾನೆ. ಸತ್ಕ್ರಿಯೆಯನ್ನು ಅವನು ತಳ್ಳಿಹಾಕಿಲ್ಲ. ಅದರ ಜಾಗವನ್ನು ಬದಲಿಸಿದ್ದಾನೆ. ಅದು ಕೃಪೆಗೆ ಕಟ್ಟುವ ಶುಲ್ಕವಲ್ಲ, ಕೃಪೆ ಸಿಕ್ಕ ಮೇಲೆ ಬಿಡುವ ಫಲ.

ಈ ಹಿಂದು ಮುಂದಿನ ವಿಚಾರಕ್ಕಾಗಿ ಯುರೋಪಿನ ಚರ್ಚೇ ಒಡೆಯಿತು. ಪಾಪದ ಶಿಕ್ಷೆಗೆ ಹಣ ಕೊಟ್ಟು ರಿಯಾಯಿತಿ ಪಡೆಯುವ ಪದ್ಧತಿಯನ್ನು ಮಾರ್ಟಿನ್ ಲೂಥರ್ 1517ರಲ್ಲಿ ಪ್ರಶ್ನಿಸಿದ. ಮುಂದೆ ಯಾಕೋಬನ ಪತ್ರವನ್ನೇ ಒಣಹುಲ್ಲಿಗೆ ಹೋಲಿಸುವವರೆಗೂ ಹೋದ. ಕ್ಯಾಥೊಲಿಕ್ ಚರ್ಚು 1547ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ತನ್ನ ನಿಲುವನ್ನು ಬರೆದಿಟ್ಟಿತು. ನಾಲ್ಕೂವರೆ ಶತಮಾನಗಳ ಬಳಿಕ, 1999ರ ಅಕ್ಟೋಬರ್ 31ರಂದು, ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಅರ್ಹತೆ ನೋಡಿ ಅಲ್ಲ, ಕೃಪೆಯಿಂದ ಮಾತ್ರ. ಆ ಕೃಪೆಯೇ ನಮ್ಮನ್ನು ಒಳ್ಳೆಯ ಕೆಲಸಕ್ಕೆ ಹಚ್ಚುತ್ತದೆ ಎಂಬುದು ಅದರ ಸಾರ. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಚರ್ಚುಗಳು ಇದಕ್ಕೆ ದನಿಗೂಡಿಸಿದವು.

ಘೋಷಣೆಗಳಿಗಿಂತ ಕತೆ ಬೇಗ ಮನಸ್ಸಿಗೆ ಇಳಿಯುತ್ತದೆ. ಮತ್ತಾಯನ ಸುವಾರ್ತೆಯ ಇಪ್ಪತ್ತನೇ ಅಧ್ಯಾಯದಲ್ಲಿ ಯೇಸು ಹೇಳುವ ಒಂದು ಕತೆ ನಮ್ಮ ಕಡೆಯದೇ ಎನಿಸುತ್ತದೆ. ದ್ರಾಕ್ಷಿ ತೋಟದ ಯಜಮಾನ ಬೆಳಗ್ಗೆಯೇ ಸಂತೆಬೀದಿಗೆ ಬಂದು, ದಿನಕ್ಕೆ ಒಂದು ದಿನಾರಿಯ ಕೂಲಿ ಗೊತ್ತುಮಾಡಿ ಆಳುಗಳನ್ನು ಕರೆದೊಯ್ಯುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಬಂದು ಇನ್ನಷ್ಟು ಜನರನ್ನು ಕರೆಯುತ್ತಾನೆ. ಸಂಜೆ ಐದಕ್ಕೆ ಬಂದರೂ ಕೆಲವರು ಅಲ್ಲೇ ನಿಂತಿರುತ್ತಾರೆ. ‘ಇಡೀ ದಿನ ಯಾಕೆ ಸುಮ್ಮನೆ ನಿಂತಿದ್ದೀರಿ?’ ಎಂದು ಕೇಳಿದರೆ, ತಮ್ಮನ್ನು ಯಾರೂ ಕರೆಯಲಿಲ್ಲ ಎನ್ನುತ್ತಾರೆ. ಅವರನ್ನೂ ತೋಟಕ್ಕೆ ಕಳಿಸುತ್ತಾನೆ. ಕತ್ತಲಾದ ಮೇಲೆ ಕೂಲಿ ಹಂಚುವಾಗ ಕೊನೆಗೆ ಬಂದವರಿಗೂ ಪೂರ್ತಿ ದಿನಾರಿ! ಬೆಳಗ್ಗೆಯಿಂದ ಬಿಸಿಲಲ್ಲಿ ಬೆಂದವರು ಗೊಣಗುತ್ತಾರೆ. ಯಜಮಾನನ ಉತ್ತರ ಇಷ್ಟೇ: ನಿಮಗೆ ಮಾತಾಡಿದ್ದನ್ನು ಕೊಟ್ಟಿದ್ದೇನೆ, ನನ್ನ ಧಾರಾಳತನ ಕಂಡು ನಿಮಗೇಕೆ ಹೊಟ್ಟೆಕಿಚ್ಚು?

ಚನ್ನಗಿರಿಯ ಅಡಿಕೆ ಸುಗ್ಗಿಯಲ್ಲಿ ಆಳು ಹುಡುಕುವವರನ್ನೂ, ಮಳೆ ಕೈಕೊಟ್ಟ ವರ್ಷ ಜಗಳೂರಿನ ಕಡೆಯಿಂದ ಕೂಲಿ ಅರಸಿ ಗುಳೆ ಹೋಗುವವರನ್ನೂ ಕಂಡವರಿಗೆ ಈ ಕತೆಯ ಬಿಸಿ ಗೊತ್ತಾಗುತ್ತದೆ. ಒಂದು ದಿನಾರಿ ಅಂದಿನ ಕಾಲಕ್ಕೆ ಒಂದು ದಿನದ ಕೂಲಿ, ಅಂದರೆ ಒಂದು ಮನೆಯ ಅಂದಿನ ಊಟ. ಒಂದೇ ಗಂಟೆ ದುಡಿದನೆಂದು ಹನ್ನೆರಡರಲ್ಲಿ ಒಂದು ಪಾಲು ಕೊಟ್ಟರೆ ಲೆಕ್ಕ ಸರಿಹೋಗುತ್ತಿತ್ತು. ಆದರೆ ಮನೆಯಲ್ಲಿ ಮಕ್ಕಳ ಹಸಿವು ಹನ್ನೆರಡರಲ್ಲಿ ಒಂದು ಪಾಲು ಇರುವುದಿಲ್ಲ. ಯಜಮಾನ ಗಂಟೆಗಳನ್ನು ಬಿಟ್ಟು ಮನುಷ್ಯನನ್ನು ನೋಡಿದ. ಕೃಪೆ ಎಂದರೆ ಇದು.

ಕೃಪಾಂಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಕೃಪಾಂಕ ಸಿಗಲು ಮೊದಲು ಒಂದು ಗೆರೆಯ ಹತ್ತಿರವಾದರೂ ಬಂದಿರಬೇಕು. ಉಳಿದ ಕೊರತೆಯನ್ನು ಮಾತ್ರ ಅದು ತುಂಬುತ್ತದೆ. ಪೌಲ ಹೇಳುವ ಕೃಪೆಗೆ ಅಂಥ ಗೆರೆ ಇಲ್ಲ. ನೂರಕ್ಕೆ ಮೂವತ್ತು ತೆಗೆದವನೂ ತೊಂಬತ್ತೈದು ತೆಗೆದವನೂ ಅದರ ಮುಂದೆ ಖಾಲಿ ಕೈಯವರೇ. ತೊಂಬತ್ತೈದರವನಿಗೆ ಇದನ್ನು ಒಪ್ಪುವುದು ಹೆಚ್ಚು ಕಷ್ಟ. ಕತೆಯಲ್ಲಿ ಗೊಣಗಿದವರು ಬೆಳಗ್ಗೆ ಬಂದವರೇ ಅಲ್ಲವೇ?

ಹಾಗಾದರೆ ಕೈಕಟ್ಟಿ ಕೂರಬಹುದೇ? ಇಲ್ಲ. ಐದು ಗಂಟೆಗೆ ಕರೆದಾಗ ಆ ಆಳುಗಳು ತೋಟಕ್ಕೆ ಹೋದರು ಎಂಬುದನ್ನು ಮರೆಯಬಾರದು. ಹಿಟ್ಲರನ ಕಾಲದ ಜರ್ಮನಿಯಲ್ಲಿ ಡೀಟ್ರಿಚ್ ಬಾನ್‌ಹೋಫರ್ ಎಂಬ ಪಾದ್ರಿ ಇದನ್ನೇ ಒತ್ತಿ ಹೇಳಿದರು. ‘ದೇವರು ಹೇಗೂ ಕ್ಷಮಿಸುತ್ತಾನೆ’ ಎಂದುಕೊಂಡು ಅನ್ಯಾಯದ ಎದುರು ಸುಮ್ಮನಿರುವುದನ್ನು ಅವರು 1937ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅಗ್ಗದ ಕೃಪೆ ಎಂದು ಕರೆದರು. ನಾಜಿ ಆಡಳಿತವನ್ನು ವಿರೋಧಿಸಿದ ಅವರನ್ನು 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಲಾಯಿತು.

ಕನ್ನಡದ್ದೇ ಒಂದು ಉದಾಹರಣೆ ಬೇಕೆಂದರೆ ಬಾಸೆಲ್ ಮಿಷನ್ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಈ ಮಿಷನರಿಗಳು ಸತ್ಕ್ರಿಯೆಯಿಂದ ರಕ್ಷಣೆ ಕೊಳ್ಳಲಾಗದು ಎಂದು ಬೋಧಿಸುವ ಪಂಥದವರು. ಅವರ ಉದ್ದೇಶ ಮತಪ್ರಚಾರವೇ ಆಗಿತ್ತು, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೂ ಶಾಲೆ, ಅಚ್ಚುಕೂಟ, ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ಕಟ್ಟಿದವರು ಅವರೇ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದವರು ಇದೇ ಮಿಷನ್ನಿನ ಮೊಗ್ಲಿಂಗ್. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ದಶಕಗಳ ಕಾಲ ಪದ ಕೂಡಿಸಿ, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಮುಗಿಸಿದರು. ತನ್ನ ದುಡಿಮೆಯಿಂದ ಸ್ವರ್ಗದ ಬಾಗಿಲು ತೆರೆಯುವುದಿಲ್ಲ ಎಂದು ನಂಬಿದವರು ಇಷ್ಟು ದುಡಿದದ್ದು ಏಕೆ? ಬಾಗಿಲು ಆಗಲೇ ತೆರೆದಿದೆ ಎಂದು ನಂಬಿದ್ದರಿಂದ. ಭಯದಿಂದ ಮಾಡುವ ಕೆಲಸ ಭಯ ಹೋದ ದಿನ ನಿಂತುಬಿಡುತ್ತದೆ. ಕೃತಜ್ಞತೆಯಿಂದ ಮಾಡುವ ಕೆಲಸಕ್ಕೆ ಹಾಗೆ ನಿಲ್ಲಲು ಕಾರಣ ಸಿಗುವುದಿಲ್ಲ.

ಕನ್ನಡ ಕ್ಯಾಥೊಲಿಕರು ಕೃಪೆಯನ್ನು ‘ವರಪ್ರಸಾದ’ ಎನ್ನುತ್ತಾರೆ. ಪ್ರಸಾದ ಎಂಬ ಪದ ನಮ್ಮ ನೆಲದಲ್ಲಿ ಹಳೆಯದು. ಶರಣರ ಅಷ್ಟಾವರಣಗಳಲ್ಲಿ ಅದೂ ಒಂದು. ಅದೇ ಶರಣರು ಕಾಯಕವನ್ನೂ ದಾಸೋಹವನ್ನೂ ಬಿಡಲಿಲ್ಲ. ಎರಡೂ ಧರ್ಮಗಳು ಒಂದೇ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಪಡೆದುಕೊಂಡಿದ್ದೇನೆ, ಆದ್ದರಿಂದ ಹಂಚುತ್ತೇನೆ ಎಂಬ ನಡೆ ಹೊನ್ನಾಳಿ, ನ್ಯಾಮತಿಯ ಯಾವ ಮನೆಗೂ ಹೊಸದಲ್ಲ ಎನ್ನುವುದಷ್ಟೇ ಮಾತು.

ಜಗಳೂರು ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆಯನ್ನೇ ನೋಡಿ. ಹರಿಹರ ತಾಲ್ಲೂಕಿನಿಂದ ಪೈಪಿನಲ್ಲಿ ಬರುವ ತುಂಗಭದ್ರೆಯ ನೀರನ್ನು ಪಡೆಯಲು ಕೆರೆ ಯಾವ ಪರೀಕ್ಷೆಯನ್ನೂ ಬರೆದಿಲ್ಲ. ಹಾಗೆಂದು ತುಂಬಿದ ಕೆರೆ ನೀರನ್ನು ತನಗೇ ಇಟ್ಟುಕೊಳ್ಳುವುದೂ ಇಲ್ಲ. ಸುತ್ತಲಿನ ಬಾವಿ, ಬೋರ್‌ವೆಲ್‌ಗಳ ಸೆಲೆಗೆ ಅದೇ ಜೀವ.

ಕಾಲೇಜಿಗೆ ಬರೋಣ. ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ, ಏಳು ದಿನದ ಶಿಬಿರ, ಕೊನೆಗೊಂದು ಪ್ರಮಾಣಪತ್ರ. ಅದರ ಮೇಲೆ ಕಣ್ಣಿಟ್ಟೇ ಗುದ್ದಲಿ ಹಿಡಿದರೂ ಚರಂಡಿ ಸ್ವಚ್ಛವಾಗುತ್ತದೆ, ಅದು ತಪ್ಪಲ್ಲ. ಆದರೆ 240 ಮುಗಿದ ಮರುದಿನವೂ ಆ ಊರಿನ ಮಕ್ಕಳಿಗೆ ಗಣಿತ ಹೇಳಿಕೊಡಲು ಹೋಗುವವನಿದ್ದರೆ, ಅವನು ಬೇರೆ ಏನನ್ನೋ ಕಂಡುಕೊಂಡಿದ್ದಾನೆ. ಅವನ 241ನೇ ಗಂಟೆಗೆ ಯಾರೂ ಅಂಕ ಕೊಡುವುದಿಲ್ಲ.

ಕೆಲಸ ಹುಡುಕುವವರಿಗೆ ಇದರಿಂದ ಸಿಗುವುದು ಎರಡು ಮಾತು. ಒಂದು, ಪಿಎಸ್‌ಐ, ಎಫ್‌ಡಿಎ ಪಟ್ಟಿಯಲ್ಲಿ ಹೆಸರು ಬಾರದಿದ್ದರೆ ಹುದ್ದೆ ತಪ್ಪಿತು, ನಿಜ; ಮನುಷ್ಯನ ಬೆಲೆ ತಪ್ಪಲಿಲ್ಲ. ಆ ಬೆಲೆಯನ್ನು ಪಟ್ಟಿ ಮಾಡಿದವರು ಕೊಟ್ಟಿರಲಿಲ್ಲ, ಅವರು ಕಿತ್ತುಕೊಳ್ಳಲೂ ಆಗದು. ಎರಡು, ಬೆಲೆ ಮೊದಲೇ ಸಿಕ್ಕಿದೆ ಎಂದು ತಿಳಿದವನಿಗೆ ದುಡಿಯಲು ಹೆಚ್ಚು ಕಾರಣವಿದೆ. ಇನ್ನು ಅವನು ತನ್ನನ್ನು ಸಾಬೀತುಮಾಡಲು ದುಡಿಯಬೇಕಿಲ್ಲ, ಪಕ್ಕದವನಿಗಾಗಿಯೂ ದುಡಿಯಬಹುದು.

ಸಂಜೆ ಐದಕ್ಕೆ ತೋಟಕ್ಕೆ ಹೋಗಿ ಪೂರ್ತಿ ಕೂಲಿ ಪಡೆದವನು ಮರುದಿನ ಏನು ಮಾಡಿದ ಎಂದು ಕತೆ ಹೇಳುವುದಿಲ್ಲ. ‘ನಾಳೆಯೂ ಐದಕ್ಕೇ ಹೋದರಾಯಿತು’ ಎಂದು ಮಲಗಿರಬಹುದು. ನನಗೆ ಹಾಗನಿಸುವುದಿಲ್ಲ. ಇಡೀ ದಿನ ಯಾರಿಗೂ ಬೇಡವಾಗಿ ನಿಂತಿದ್ದವನ ಕೈಗೆ ಪೂರ್ತಿ ದಿನಾರಿ ಇಟ್ಟ ಯಜಮಾನನ ತೋಟ ಅದು. ಅವನು ಕೋಳಿ ಕೂಗುವ ಮೊದಲೇ ಎದ್ದು ಆ ತೋಟದ ಬಾಗಿಲಲ್ಲಿ ನಿಂತಿರುತ್ತಾನೆ.