ಸುರಪುರ ಸಂಸ್ಥಾನ: ದೈವಭಕ್ತಿ ಮತ್ತು ರಾಜನಿಷ್ಠೆಯ ನೆಲೆಗಳು

ಯಾದಗಿರಿ, ಶಹಾಪುರ, ಸುರಪುರಗಳನ್ನೊಳಗೊಂಡ ಸಗರನಾಡಿನ ಚರಿತ್ರೆಯಲ್ಲಿ ದೈವಭಕ್ತಿಯನ್ನೂ ರಾಜನಿಷ್ಠೆಯನ್ನೂ ಬೇರ್ಪಡಿಸಿ ನೋಡುವುದು ಕಷ್ಟ. ಸುರಪುರದ ಬೇಡ ನಾಯಕರ ಸಂಸ್ಥಾನವು ಇದಕ್ಕೆ ತಕ್ಕ ನಿದರ್ಶನ.

1705ರಲ್ಲಿ ಔರಂಗಜೇಬನೇ ಮುಂದೆ ನಿಂತು ವಾಗಿಣಗೇರಿ ಕೋಟೆಯನ್ನು ಮುತ್ತಿದಾಗ ಪಿಡ್ಡನಾಯಕನು ಮೊಗಲ್ ಸೈನ್ಯವನ್ನು ವಾರಗಟ್ಟಲೆ ತಡೆದು ನಿಲ್ಲಿಸಿದ. ಕೋಟೆ ಬಿದ್ದರೂ ನಾಯಕ ಸೆರೆಸಿಗಲಿಲ್ಲ. ಇಂಥ ಪ್ರಭುತ್ವವನ್ನು ಬೇಡರ ಸೈನ್ಯಬಲವೊಂದರಿಂದಲೇ ವಿವರಿಸಲಾಗದು. ಶ್ರೇಣೀಕೃತ ಸಮಾಜದಲ್ಲಿ ಬೇಡ ಸಮುದಾಯದ ಅರಸನಿಗೆ ರಾಜತ್ವದ ಮನ್ನಣೆ ತಾನಾಗಿ ಒದಗುವಂಥದ್ದಲ್ಲ. ನಾಯಕರು ಬುಕ್ಕಪಟ್ಟಣದ ಶ್ರೀವೈಷ್ಣವ ಆಚಾರ್ಯ ಮನೆತನಕ್ಕೆ ಆಶ್ರಯ ನೀಡಿದ್ದನ್ನೂ ವೇಣುಗೋಪಾಲಸ್ವಾಮಿಯ ಆರಾಧನೆಯನ್ನು ಸಂಸ್ಥಾನದ ಕೇಂದ್ರದಲ್ಲಿ ನೆಲೆಗೊಳಿಸಿದ್ದನ್ನೂ ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಇದನ್ನು ಬರಿಯ ರಾಜತಂತ್ರವೆಂದು ತಳ್ಳಿಹಾಕುವುದೂ ಸರಿಯಲ್ಲ. ಅರಸನ ಭಕ್ತಿ ನಿಜವಾಗಿದ್ದಾಗಲೇ ಅದು ಪ್ರಜೆಗಳನ್ನು ಬೆಸೆಯಬಲ್ಲದು.

ಕೃಷ್ಣಜನ್ಮಾಷ್ಟಮಿಯ ಸಂದರ್ಭದ ಹಾಲೋಕುಳಿಯಲ್ಲಿ ಈ ಬೆಸುಗೆ ಕಣ್ಣಿಗೆ ಕಾಣುತ್ತದೆ. ನೀರಿನ ಎರಚಾಟದ ನಡುವೆ ತರುಣರು ಎತ್ತರದ ಕಂಬಗಳನ್ನೇರುತ್ತಾರೆ. ರಾಜಮನೆತನದವರ ಉಪಸ್ಥಿತಿಗೆ ಅಲ್ಲಿ ವಿಶೇಷ ಗೌರವ. ದೇವರ ಎದುರು ನಡೆಯುವ ಸಾಹಸ ಅರಸನ ಎದುರಿನ ಸಾಹಸವೂ ಹೌದು. ಸಂಸ್ಥಾನ ಅಳಿದ ಮೇಲೂ ಆಚರಣೆ ಉಳಿದಿದೆ.

ಇದೇ ನೆಲದ ತಿಂಥಣಿ ಮೌನೇಶ್ವರ ಪರಂಪರೆ ಭಿನ್ನವಾದುದು. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಆ ಗದ್ದುಗೆಯ ಭಕ್ತಿಗೆ ಅರಸನ ಮಧ್ಯಸ್ಥಿಕೆ ಬೇಕಿಲ್ಲ. ಭಕ್ತಿಯೆಲ್ಲವೂ ಸಿಂಹಾಸನದತ್ತಲೇ ಹರಿಯಿತೆಂದು ಭಾವಿಸಬಾರದು.

ಸಂಸ್ಥಾನದ ಕೊನೆಯ ಘಟ್ಟಕ್ಕೆ ನಾವು ಹೆಚ್ಚಾಗಿ ಅವಲಂಬಿಸುವುದು ಮೆಡೋಸ್ ಟೇಲರನ 1877ರ ಆತ್ಮಕಥನವನ್ನು. ರಾಜಾ ವೆಂಕಟಪ್ಪ ನಾಯಕನ ಬಾಲ್ಯದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡವನು ಈತ. ದೊರೆ ಈತನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. 1858ರ ಫೆಬ್ರುವರಿಯಲ್ಲಿ ಸುರಪುರ ಬ್ರಿಟಿಷರ ಕೈವಶವಾಯಿತು. ಸೆರೆಸಿಕ್ಕ ದೊರೆಯ ಮರಣದಂಡನೆ ಕಡಿತಗೊಂಡರೂ ಚೆಂಗಲ್ಪಟ್ಟಿಗೆ ಒಯ್ಯುವ ಮಾರ್ಗದಲ್ಲಿ ಆತ ಗುಂಡೇಟಿನಿಂದ ಮೃತನಾದ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮರಣವೆಂಬ ಜಾತಕದ ಭವಿಷ್ಯವನ್ನು ರಾಣಿ ಈಶ್ವರಮ್ಮ ತನಗೆ ಮೊದಲೇ ತಿಳಿಸಿದ್ದಳೆಂದು ಟೇಲರ್ ಬರೆಯುತ್ತಾನೆ. ಸಂಶೋಧಕರು ಎಚ್ಚರ ವಹಿಸಬೇಕಾದುದು ಇಲ್ಲಿಯೇ. ರಾಜಕೀಯ ದಂಡನೆಯೊಂದು ಈ ನಿರೂಪಣೆಯಲ್ಲಿ ವಿಧಿಲಿಖಿತವಾಗಿ ಮಾರ್ಪಡುತ್ತದೆ. ‘ಅಪ್ಪಾ’ ಎಂಬ ಸಂಬೋಧನೆ ಅಧೀನತೆಯನ್ನು ಮಮತೆಯಾಗಿ ಕಾಣಿಸುತ್ತದೆ. ನಂಬಿಕೆ ಹಾಗೂ ನಿಷ್ಠೆಗಳನ್ನು ಬೆರೆಸಿದವರು ದೇಶೀಯರು ಮಾತ್ರವೆಂಬ ತೀರ್ಮಾನವನ್ನು ಆಂಗ್ಲ ಅಧಿಕಾರಿಯ ಬರಹವೇ ಒಪ್ಪುವುದಿಲ್ಲ.