ನೆತ್ತಿಯ ನೀರಿಗೆ ಬೀಗದ ಕಂಪನಿಯವನ ಕವಾಟ

ಮಿದುಳಿನ ಕುಹರಗಳಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್ ತಿಳಿದ್ರವ ಸ್ರವಿಸುತ್ತದೆಯಾದರೂ, ಯಾವುದೇ ಹೊತ್ತಿನಲ್ಲಿ ತಲೆ ಮತ್ತು ಬೆನ್ನುಹುರಿಯ ಸುತ್ತ ಇರುವುದು ಸುಮಾರು 150 ಮಿಲಿಲೀಟರ್ ಮಾತ್ರವಾದ್ದರಿಂದ, ಹಳೆಯದು ಸದಾ ರಕ್ತಕ್ಕೆ ಮರಳುತ್ತಲೇ ಇರಬೇಕು. ಆ ಹಾದಿ ಕಟ್ಟಿ ದ್ರವ ತುಂಬಿಕೊಳ್ಳುವುದನ್ನು ವೈದ್ಯರು ಹೈಡ್ರೋಸೆಫಾಲಸ್ ಎನ್ನುತ್ತಾರೆ, ಜನ ತಲೆಯಲ್ಲಿ ನೀರು ತುಂಬಿತೆನ್ನುತ್ತಾರೆ. ಕೂಸಿನ ತಲೆಯೆಲುಬುಗಳು ಇನ್ನೂ ಬೆಸೆದಿರದ ಕಾರಣ ತಲೆ ಹಿಗ್ಗಿ ನೆತ್ತಿ ಉಬ್ಬುತ್ತದೆ. ನೆತ್ತಿಗೆ ಎಣ್ಣೆ ತಟ್ಟುವ ಅಜ್ಜಿಯ ಅಂಗೈಗೆ ಇದು ಮೊದಲೇ ತಿಳಿಯುತ್ತಿದ್ದರೂ, ತಿಳಿದು ಮಾಡುವಂಥದ್ದೇನೂ ಇರಲಿಲ್ಲ.

ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯಿಂದ ಬ್ಯಾಂಕ್ ಬೆಳೆಸಿದ ಟಿ.ಎಂ.ಎ. ಪೈ 1953ರಲ್ಲಿ ಮಣಿಪಾಲದ ವೈದ್ಯಕೀಯ ಕಾಲೇಜನ್ನು ಆರಂಭಿಸಿದಾಗ, ಈ ನೀರನ್ನು ಹೊರಹಾಕುವ ಭರವಸೆಯ ಕವಾಟ ಜಗತ್ತಿನಲ್ಲೇ ಇರಲಿಲ್ಲ. ಅದನ್ನು ರೂಪಿಸಿದವನು ವೈದ್ಯನೂ ಅಲ್ಲ. ಅಮೆರಿಕದ ಯೇಲ್ ಅಂಡ್ ಟೌನ್ ಎಂಬ ಬೀಗದ ಕಂಪನಿಯಲ್ಲಿ ತಂತ್ರಜ್ಞನಾಗಿದ್ದ ಜಾನ್ ಹಾಲ್ಟರ್‌ನಿಗೆ 1955ರಲ್ಲಿ ಬೆನ್ನುಹುರಿಯ ದೋಷವುಳ್ಳ ಮಗ ಹುಟ್ಟಿ, ಕೂಸಿನ ತಲೆಯಲ್ಲಿ ನೀರು ಏರತೊಡಗಿತು. ಆಗಿನ ಕವಾಟಗಳು ಕಟ್ಟಿಕೊಳ್ಳುವುದನ್ನು ಶಸ್ತ್ರವೈದ್ಯ ಯೂಜೀನ್ ಸ್ಪಿಟ್ಜ್‌ನಿಂದ ತಿಳಿದ ಹಾಲ್ಟರ್, ಒಳಗಿನಿಂದ ಒತ್ತಿದರೆ ತೆರೆಯುವ, ಹೊರಗಿನ ರಕ್ತ ಹಿಂದೆ ನುಗ್ಗದಂತೆ ಮುಚ್ಚಿಕೊಳ್ಳುವ ಸಣ್ಣ ಸೀಳಿನ ಕವಾಟವನ್ನು ಸಿಲಿಕೋನಿನಲ್ಲಿ ಸಿದ್ಧಪಡಿಸಿದನು. ಮಗನ ಸ್ಥಿತಿ ಹದಗೆಟ್ಟಿದ್ದರಿಂದ 1956ರಲ್ಲಿ ಅದು ಮೊದಲು ಸೇರಿದ್ದು ಇನ್ನೊಬ್ಬರ ಮಗುವಿನ ತಲೆಗೆ.

ಮಣಿಪಾಲದ ಕಸ್ತೂರಬಾ ಆಸ್ಪತ್ರೆ 1961ರಲ್ಲಿ ಬಂತು; ಕವಾಟದಿಂದ ನೀರನ್ನು ಒಯ್ಯುವ ಕೊಳವೆಯ ತುದಿ ಹೃದಯದಿಂದ ಹೊಟ್ಟೆಯ ಪೊರೆಯೊಳಕ್ಕೆ ಸರಿಯಿತು; ಈ ಕವಾಟ-ಕೊಳವೆಯ ಜೋಡಣೆಯ ಶಂಟ್ ಎಂಬ ಹೆಸರು ಊರ ಮಾತಿಗೂ ಸೇರಿತು. ಬೆಲೆ ಮಾತ್ರ ಕಾಪುವಿನ ಮೀನುಗಾರನಿಗೂ ಕಾರ್ಕಳದ ಬೀಡಿ ಕಟ್ಟುವ ಮನೆಗೂ ಎಟುಕುವಂತಿರಲಿಲ್ಲ. ಅದನ್ನು ಇಳಿಸಿದ್ದು ದೆಹಲಿಯ ಏಮ್ಸ್‌ನ ಮಕ್ಕಳ ಶಸ್ತ್ರವೈದ್ಯ ಪಿ. ಉಪಾಧ್ಯಾಯರ ಹೆಸರಿನ ಶಂಟ್ ಮತ್ತು ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟ್. ಮಗನಿಗೆ ಬಿದ್ದ ಪೆಟ್ಟಿನ ದೆಸೆಯಿಂದ ಮತ್ತೊಂದು ಕವಾಟಕ್ಕೆ ಕಾರಣನಾದ ಕಥೆಗಾರ ರೋಲ್ಡ್ ಡಾಲ್‌ನನ್ನು ಇಲ್ಲಿನ ಶಾಲಾಮಕ್ಕಳೂ ಬಲ್ಲರು. ಆದರೆ ಉಪಾಧ್ಯಾಯ, ಛಾಬ್ರಾ ಎಂಬ ಈ ಇಬ್ಬರ ಹೆಸರು ಕೊಳವೆಯ ಪೊಟ್ಟಣದಾಚೆ ಹೋಗದಿರುವುದು ನಾಚಿಕೆಯ ಸಂಗತಿ. ಉಗಾಂಡಾದಲ್ಲಿ ಸುಮಾರು 35 ಡಾಲರಿನ ಛಾಬ್ರಾ ಶಂಟನ್ನು 650 ಡಾಲರಿನ ವಿದೇಶಿ ಶಂಟಿನೊಂದಿಗೆ ಹೋಲಿಸಿ 2005ರಲ್ಲಿ ಪ್ರಕಟವಾದ ಅಧ್ಯಯನವು, ಒಂದು ವರ್ಷದ ಫಲದಲ್ಲಿ ಗಣನೀಯ ವ್ಯತ್ಯಾಸವಿಲ್ಲವೆಂದು ಕಂಡಿತು.

ಅಗ್ಗದ್ದಾಗಲಿ ದುಬಾರಿಯದಾಗಲಿ, ಕೊಳವೆ ಎಂದಾದರೂ ಕಟ್ಟಿಕೊಳ್ಳಬಹುದು. ಶಂಟ್ ಇರುವ ಮಗು ತಲೆನೋವೆಂದು ಅತ್ತು, ವಾಂತಿ ಮಾಡಿ ಮಂಕಾದರೆ, ದೃಷ್ಟಿ ತಾಗಿತೆಂದೋ ಅಜೀರ್ಣವೆಂದೋ ಕಾಯದೆ ಆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.