ಬಂಡಾಯವೇ ಹಳತಾದಾಗ
ಪಂಕ್ ಎಂದೊಡನೆ ನಿಮಗೆ ಅಬ್ಬರದ ಗಿಟಾರ್, ಕಿರುಚುವ ಕಂಠ ನೆನಪಾಗಬಹುದು. 1970ರ ದಶಕದಲ್ಲಿ ಬಂಡಾಯವಾಗಿ ಹುಟ್ಟಿದ ಈ ಸಂಗೀತವೂ ಕ್ರಮೇಣ ತನ್ನದೇ ಸಂಪ್ರದಾಯಕ್ಕೆ ಜೋತುಬಿದ್ದಿತು. ಸ್ವೀಡನ್ನಿನ ಉಮಿಯೋ ನಗರದ ‘ರಿಫ್ಯೂಸ್ಡ್’ ತಂಡವನ್ನು ಕಾಡಿದ್ದು ಇದೇ ಬೇಸರ: ಮಾತು ಕ್ರಾಂತಿಯದು, ಧಾಟಿ ಮಾತ್ರ ಹಳೆಯದು! ಆ ಚಡಪಡಿಕೆಯ ಫಲವೇ 1998ರ ‘ದ ಶೇಪ್ ಆಫ್ ಪಂಕ್ ಟು ಕಮ್’ ಧ್ವನಿಮುದ್ರಿಕೆ. ಜಾಝ್ ಕಲಾವಿದ ಆರ್ನೆಟ್ ಕೋಲ್ಮನ್ನರ 1959ರ ಧ್ವನಿಮುದ್ರಿಕೆಯ ಹೆಸರೇ ಇದಕ್ಕೆ ಪ್ರೇರಣೆ. ಇದರ 12 ಭಾಗಗಳಲ್ಲಿ ಪಂಕ್ ಜೊತೆಗೆ ಜಾಝ್, ಪಿಟೀಲು, ಎಲೆಕ್ಟ್ರಾನಿಕ್ ತಾಳಗಳು ಬೆರೆತಿವೆ. ಅಂದು ಕಿವಿಗೊಟ್ಟವರು ಕಡಿಮೆ. ಅದೇ ವರ್ಷ ತಂಡವೂ ಒಡೆಯಿತು. ಮುಂದಿನ ಪೀಳಿಗೆಯ ಅನೇಕ ತಂಡಗಳು ಇದನ್ನೇ ಮಾದರಿಯಾಗಿ ಹಿಡಿದವು. 2012ರಲ್ಲಿ ರಿಫ್ಯೂಸ್ಡ್ ಮತ್ತೆ ವೇದಿಕೆಯೇರಿದಾಗ ಕೇಳುಗರು ಕಾದಿದ್ದರು. ರೂಪ ಬದಲಾಗದೆ ಬಂಡಾಯ ಉಳಿಯುವುದೇ? ಕೇಳಿ, ನೀವೇ ಹೇಳಿ.